ಬರೆದಲ್ಲಿನ ದರ, ಕರೆದಲ್ಲಿನ ದರ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮಗೊಂದು ಅಡಿಕೆ ತೋಟವಿದೆ. ಅದರ ಮಾರಾಟದ ಲೆಕ್ಕವನ್ನು ನಾನು ಈಮ್ಯಾಕ್ಸ್ ಎಂಬ ಬರಹ ತಿದ್ದುವ ತಂತ್ರಾಂಶದಲ್ಲಿ, ಅದರದೇ ಲಿಸ್ಪ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಮಿನಿಂದ ಇಡುತ್ತೇನೆ. ಅಲ್ಲಿ ವೇರಿಯಬಲ್‌ಗಳಿಗೆ (ಮೌಲ್ಯವನ್ನು ಇಟ್ಟುಕೊಳ್ಳುವ ಡಬ್ಬಿಗಳಿಗೆ) ಕನ್ನಡ ಲಿಪಿಯಲ್ಲೇ ಹೆಸರಿಡಬಹುದಾದ್ದರಿಂದ ದರ, ತೂಕ ಎಂದೇ ಬರೆದಿದ್ದೆ.

ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು ಇವುಗಳಿಗೆ ಬೇರೆ ಬೇರೆ ಧಾರಣೆಯಿರುವುದರಿಂದ, ಬಗೆಯ ಹೆಸರು ಕೊಟ್ಟರೆ ಪಟ್ಟಿಯಿಂದ ಅದರ ಬೆಲೆಯನ್ನು ತೆಗೆದು 'ದರ' ಎಂಬ ಒಳಗಿನ ವೇರಿಯಬಲ್‌ನಲ್ಲಿಟ್ಟು, ತೂಕ ಕೇಳಿ ಮೊತ್ತ ಹೇಳುವ ಇನ್ನೊಂದು ಫಂಕ್ಷನ್ (ಕರೆದಾಗ ಓಡುವ ಪ್ರೋಗ್ರಾಮಿನ ತುಂಡು) ಕಟ್ಟಿಕೊಡುವ ಫಂಕ್ಷನ್ ಬರೆದೆ. ಪರೀಕ್ಷೆಗೆಂದು ಕರಿಗೋಟಿಗೆ ಕಿಲೋಗೆ 200 ರೂಪಾಯಿ ಇಟ್ಟು 12 ಕಿಲೋ ಕೊಟ್ಟಾಗ 2,400ರ ಬದಲು 4,800 ಬಂತು. ಕಡತದ ಮೇಲ್ಭಾಗದಲ್ಲಿ ಹೊಸ ಅಡಿಕೆಯ ಬೆಲೆಯನ್ನೂ 'ದರ' ಎಂಬ ಹೆಸರಿನಲ್ಲೇ 400 ಎಂದು ಇಟ್ಟಿದ್ದೆ. ಕಟ್ಟಿಕೊಟ್ಟ ಫಂಕ್ಷನ್ ಓಡುವ ಹೊತ್ತಿಗೆ ಅದನ್ನು ಕಟ್ಟಿದ ಫಂಕ್ಷನ್ ಮುಗಿದು ಅದರ 200 ಅಳಿದಿತ್ತು. ಹೆಸರನ್ನು ಹುಡುಕಿದಾಗ ಸಿಕ್ಕಿದ್ದು ಹೊರಗಿನ 400.

ಕನ್ನಡ, ಮಲಯಾಳ ಎರಡೂ ನಡೆಯುವ ನಮ್ಮೂರಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 'ಅವಸರ' ಎಂದರೆ ಕನ್ನಡದಲ್ಲಿ ಆತುರ, ಮಲಯಾಳದಲ್ಲಿ ಅವಕಾಶ. ಬದಿಯಡ್ಕದಲ್ಲಿ ಕನ್ನಡದವರು ಬರೆದ ಚೀಟಿಯಲ್ಲಿರುವ ಆ ಪದಕ್ಕೆ, ಅದನ್ನು ಕಾಞಂಗಾಡಿನಲ್ಲಿ ಯಾರೇ ಓದಿದರೂ, ಬರೆದ ಮನೆಯ ಅರ್ಥವೇ ಇರಬೇಕೆಂಬುದು ಲೆಕ್ಸಿಕಲ್ ಕ್ರಮ. ಓದುವ ಮನೆಯ ಅರ್ಥ ಹಿಡಿಯುವುದು ಡೈನಮಿಕ್ ಕ್ರಮ. ಜಾನ್ ಮೆಕಾರ್ಥಿಯವರ ಆರಂಭದ ಲಿಸ್ಪ್ ಎರಡನೆಯದನ್ನು ಹಿಡಿದಿತ್ತು. 1975ರ ಸ್ಕೀಮ್ ಎಂಬ ಲಿಸ್ಪ್ ಪ್ರಭೇದ ಮೊದಲನೆಯದನ್ನು ಆರಿಸಿಕೊಂಡಿತು. ಈಮ್ಯಾಕ್ಸ್‌ಗೆ ಲೆಕ್ಸಿಕಲ್ ಕ್ರಮ ಬಂದದ್ದು 2012ರ 24ನೇ ಆವೃತ್ತಿಯಲ್ಲಿ, ಅದೂ ಕಡತದ ಮೊದಲ ಸಾಲಿನಲ್ಲಿ 'ಲೆಕ್ಸಿಕಲ್-ಬೈಂಡಿಂಗ್' ಎಂದು ಬರೆದು ಕೇಳಿದವರಿಗೆ ಮಾತ್ರ.

ನಾನು ಆ ಸಾಲನ್ನು ಬರೆದು ಮತ್ತೆ ಓಡಿಸಿದೆ. ಮತ್ತೂ 4,800.

ಆ ಸಂಜೆ ಪೂರ್ತಿ ನಾನು ಗುಣಾಕಾರವನ್ನೂ ಪಟ್ಟಿಯನ್ನೂ ಅನುಮಾನಿಸಿದೆ. ದೋಷವಿದ್ದದ್ದು ಮೇಲಿನ ಘೋಷಣೆಯಲ್ಲಿ. ಅಲ್ಲಿ ನಾನು ಬಳಸಿದ್ದ 'ಡೆಫ್‌ವಾರ್' ಎಂಬ ಆಜ್ಞೆಯಿಂದ ಘೋಷಿಸಿದ ಹೆಸರು ವಿಶೇಷ ವೇರಿಯಬಲ್ ಆಗುತ್ತದೆ. ಆಮೇಲೆ, ಒಳಗಿನ ವೇರಿಯಬಲ್ ಕಟ್ಟುವ 'ಲೆಟ್' ಒಳಗೆ ಅದೇ ಹೆಸರಿಗೆ ಬೆಲೆ ಕೊಟ್ಟರೆ, ಕಡತ ಲೆಕ್ಸಿಕಲ್ ಆಗಿದ್ದರೂ, ಅದು ಡೈನಮಿಕ್ ಆಗಿಯೇ ನಡೆದುಕೊಳ್ಳುತ್ತದೆ. ಕಡತವನ್ನು ಕಂಪೈಲ್ ಮಾಡಿದಾಗ (ಯಂತ್ರ ಬೇಗ ಓಡಿಸುವ ರೂಪಕ್ಕೆ ತಂದಾಗ) 'ದರ' ಎಂಬ ಹೆಸರಿಗೆ 'ತೋಟ-' ಎಂಬಂಥ ಪೂರ್ವಪದವಿಲ್ಲವೆಂಬ ಎಚ್ಚರಿಕೆ ಬಂದಿತ್ತು. ಅದನ್ನು ಬರಿಯ ಶಿಷ್ಟಾಚಾರವೆಂದು ಬದಿಗಿಟ್ಟದ್ದು ನನ್ನ ತಪ್ಪು. ಚಿಕ್ಕ, ಎಲ್ಲರೂ ಬಳಸುವ ಹೆಸರು ವಿಶೇಷವಾಗಿಬಿಟ್ಟರೆ ಇಂಥ ಅಪಾಯ ಬರುತ್ತದೆಂದೇ ಆ ಎಚ್ಚರಿಕೆಯಿದೆ. ಮೇಲಿನದನ್ನು 'ತೋಟ-ದಿನದ-ದರ' ಎಂದು ಬದಲಿಸಿ ಈಮ್ಯಾಕ್ಸ್ ಅನ್ನು ಮುಚ್ಚಿ ತೆರೆದೆ, ಏಕೆಂದರೆ ಹಳೆಯ ಘೋಷಣೆ ಆ ಅಧಿವೇಶನದಲ್ಲಿ ಇನ್ನೂ ಜೀವಂತವಿತ್ತು. 2,400 ಬಂತು.

ಹಾಗೆಂದು ಆ ವಿಶೇಷ ವೇರಿಯಬಲ್ಲನ್ನು ನಾನು ತೆಗೆದುಹಾಕಲಿಲ್ಲ. ಹೊಸ ಅಡಿಕೆಯ ಧಾರಣೆ ಕಿಲೋಗೆ 50 ರೂಪಾಯಿ ಇಳಿದರೆ ವರ್ಷದ ವರಮಾನ ಎಷ್ಟಾದೀತು ಎಂದು ಅಪ್ಪ ಕೇಳಿದಾಗ, 'ಲೆಟ್' ಒಳಗೆ ಅದಕ್ಕೆ 350 ಕೊಟ್ಟು ಇಡೀ ವರದಿಯನ್ನು ಕರೆಯುತ್ತೇನೆ. ಅದನ್ನು ನೋಡುವ ಫಂಕ್ಷನ್‌ಗಳೆಲ್ಲವೂ ಅಷ್ಟು ಹೊತ್ತು 350ನ್ನೇ ಕಾಣುತ್ತವೆ. ವರದಿ ಮುಗಿದರೂ, ನಡುವೆ ದೋಷ ಬಂದು ನಿಂತರೂ, 400 ತಾನಾಗಿ ಮರಳುತ್ತದೆ.