ಡೈವ್‌ಗೆ ಆಟಿಕೆ ತಗೊಂಡ್ರಾ? ನೀರಿಗಿಳಿಯೋಕೆ ಮುಂಚೆ ಇಷ್ಟು ಓದ್ಕೊಳ್ಳಿ

ಸ್ಕೂಬಾ ಡೈವಿಂಗಲ್ಲಿ ಉಸಿರಾಡೋಕೆ ಬಾಯಿಗಿಡೋ ರೆಗ್ಯುಲೇಟರ್, ತೇಲೋದು ಮುಳುಗೋದು ಹಿಡಿತದಲ್ಲಿಡೋ ಜಾಕೆಟ್ ಬಿಸಿಡಿ, ಆಳ ಸಮಯ ತೋರಿಸೋ ಡೈವ್ ಕಂಪ್ಯೂಟರ್ ಇವೆಲ್ಲ ಜೀವ ಕಾಯೋ ಸಾಮಾನು, ಅದರ ಮಾತು ಇಲ್ಲಿಲ್ಲ. ಇದು ಬರೀ ಮಜಾಕ್ಕೆ ಅಂತ ತಗೊಳ್ಳೋ ಸಾಮಾನಿನ ಕಥೆ. ಆದ್ರೆ ಒಂದು ಷರತ್ತಿದೆ. ನೀರಲ್ಲಿ ಮೇಲೂ ಹೋಗ್ದೆ ಕೆಳಗೂ ಇಳೀದೆ, ಕೈ ಆಡಿಸ್ದೆ ಎರಡು ನಿಮಿಷ ಸುಮ್ನೆ ನಿಲ್ಲೋಕೆ ಬರೋವರೆಗೂ ಕೈಯಲ್ಲಿ ಏನೂ ಹಿಡೀಬೇಡಿ. ಸ್ಕ್ರೀನ್ ನೋಡ್ತಾ ನೋಡ್ತಾ ಕಾಲಿಗೆ ಹಾಕೋ ಫಿನ್ನಲ್ಲಿ ಹವಳ ಒದ್ದವರು ಎಷ್ಟೋ ಜನ ಇದಾರೆ, ಅದ್ರಲ್ಲಿ ನಾನೂ ಒಬ್ಬ. ಒಂದು ಡೈವ್‌ಗೆ ಒಂದೇ ಹೊಸ ಆಟಿಕೆ, ಅದೂ ಮೊದಲ ಸಲ ಐದಾರು ಮೀಟರ್ ಆಳದಲ್ಲೇ ಟ್ರೈ ಮಾಡಿ.

ಒಂದೇ ಒಂದು ತಗೊಳ್ಳೋದಾದ್ರೆ ಟಾರ್ಚ್ ತಗೊಳ್ಳಿ, ಹಗಲು ಡೈವ್‌ಗೂ ಬೇಕು. ನೀರು ಎಲ್ಲಕ್ಕಿಂತ ಮೊದ್ಲು ಕೆಂಪು ಬಣ್ಣ ನುಂಗಿಬಿಡತ್ತೆ, ಐದು ಮೀಟರ್ ದಾಟ್ತಿದ್ದಂಗೆ ಕೆಂಪು ಮಂಕಾಗ್ತಾ ಹೋಗತ್ತೆ, 20 ಮೀಟರಲ್ಲಿ ಬೆರಳು ಕುಯ್ಕೊಂಡ್ರೆ ರಕ್ತ ಹಸಿರಾಗಿ ಕಾಣತ್ತೆ. ಬೂದು ಬಣ್ಣದ ಬಂಡೆ ಅಂತ ದಾಟಿ ಹೋಗ್ತಿದ್ದ ಜಾಗಕ್ಕೆ ಲೈಟ್ ಬಿಟ್ಟು ನೋಡಿ, ಕೆಂಪು ಕಿತ್ತಳೆ ಎಲ್ಲ ಎದ್ದು ಬರತ್ತೆ. ಪೊಟರೆ ಒಳಗೆ ಇಣುಕೋಕೆ ಸಣ್ಣ ಬೀಮ್ ಚೆನ್ನಾಗಿರತ್ತೆ, ವಿಡಿಯೋಗೆ ಅಗಲದ ಬೀಮ್ ಬೇಕು. ಮೀನಿನ ಕಣ್ಣಿಗೂ ಬಡ್ಡಿ (ಅಂದ್ರೆ ಜೊತೇಲಿ ಡೈವ್ ಮಾಡೋರು) ಕಣ್ಣಿಗೂ ನೇರ ಬಿಡ್ಬೇಡಿ ಅಷ್ಟೇ.

ಇದರ ತಮ್ಮ ಅಂದ್ರೆ ನೀಲಿ ಲೈಟ್, ನನ್ನ ಪ್ರಕಾರ ಇದ್ರಷ್ಟು ಮಜಾ ಇನ್ಯಾವುದ್ರಲ್ಲೂ ಇಲ್ಲ. ಕೆಲವು ಹವಳ, ಅನಿಮೋನ್‌ಗಳು ನೀಲಿ ಬೆಳಕು ಹೀರ್ಕೊಂಡು ಹಸಿರು, ಕಿತ್ತಳೆ, ಕೆಂಪಾಗಿ ವಾಪಸ್ ಬಿಡ್ತವೆ, ಆದ್ರೆ ನೀವು ಬಿಟ್ಟ ನೀಲಿ ಬೆಳಕೇ ಕಣ್ಣಿಗೆ ಹೊಡಿಯೋದ್ರಿಂದ ಅದು ಕಾಣಲ್ಲ. ಅದಕ್ಕೇ ಮಾಸ್ಕ್ ಮೇಲೆ ಹಳದಿ ಫಿಲ್ಟರ್ ಹಾಕ್ಬೇಕು, ಕ್ಯಾಮೆರಾ ಲೆನ್ಸ್‌ಗೂ ಒಂದು. ನೈಟ್ ಡೈವಲ್ಲಿ ಸಾಮಾನ್ಯ ಟಾರ್ಚ್ ಹಿಡ್ಕೊಂಡೇ ಇಳಿದು, ಜಾಗ ನೋಡ್ಕೊಂಡು, ಗಾಳಿ ಎಷ್ಟಿದೆ ಅಂತ ಗೇಜ್ ಚೆಕ್ ಮಾಡ್ಕೊಂಡು, ಆಮೇಲೆ ಫಿಲ್ಟರ್ ಹಾಕಿ ನೀಲಿ ಆನ್ ಮಾಡಿ. ಬಡ್ಡಿಗೂ ಒಂದು ಫಿಲ್ಟರ್ ಇರ್ಲಿ, ಇಲ್ಲಾಂದ್ರೆ ಪಾಪ ಅವರಿಗೆ ಏನೂ ಕಾಣದೆ ನಿಮಗೋಸ್ಕರ ಕಾಯ್ತಾ ಇರ್ತಾರೆ.

ಕ್ಯಾಮೆರಾ ವಿಷ್ಯಕ್ಕೆ ಬಂದ್ರೆ, ವಾಟರ್‌ಪ್ರೂಫ್ ಅಂತ ಡಬ್ಬಿ ಮೇಲೆ ಬರೆದಿದ್ರೆ ಸಾಲ್ದು. ಗೋಪ್ರೋ ಹೀರೋ 12 ಥರದ್ದು ಹೌಸಿಂಗ್ (ನೀರು ನುಗ್ಗದ ಹೊರಡಬ್ಬಿ) ಇಲ್ದೆ 10 ಮೀಟರ್‌ವರೆಗೆ ಮಾತ್ರ, ಡೈವ್ ಹೌಸಿಂಗ್ ಹಾಕಿದ್ರೆ 60. ಹೌಸಿಂಗ್ ಮುಚ್ಚೋಕೆ ಮುಂಚೆ ನೀರು ತಡೆಯೋ ರಬ್ಬರ್ ಉಂಗುರ, ಅಂದ್ರೆ ಓ-ರಿಂಗ್ ಮೇಲೆ ಬೆರಳಾಡಿಸಿ ನೋಡಿ, ಒಂದು ಕೂದಲು, ಒಂದು ಮರಳಿನ ಕಣ ಸಿಕ್ಕಿದ್ರೂ ನೀರು ನುಗ್ಗತ್ತೆ. ಹೊಸ ಹೌಸಿಂಗ್ ಆದ್ರೆ ಮೊದಲ ಡೈವ್‌ಗೆ ಕ್ಯಾಮೆರಾ ಬದ್ಲು ಒಳಗೆ ಟಿಶ್ಯೂ ಪೇಪರ್ ಇಟ್ಟು ಇಳೀರಿ, ಒದ್ದೆಯಾದ್ರೆ ಟಿಶ್ಯೂ ಮಾತ್ರ ಹೋಯ್ತು. ಒಳಗೆ ಮಂಜು ಕಟ್ಟದೇ ಇರೋಕೆ ಒಣ ಜಾಗದಲ್ಲಿ ಮುಚ್ಚಿ, ಒಂದು ಸಿಲಿಕಾ ಜೆಲ್ ಪಟ್ಟಿ ಹಾಕಿ. ಲೆನ್ಸ್ ಮೇಲೆ ಹಾಕೋ ಕೆಂಪು ಫಿಲ್ಟರ್ ಬಿಸಿಲಿನ ಬೆಳಕಿಗೆ ಮಾತ್ರ, ಲೈಟ್ ಆನ್ ಮಾಡಿದ್ರೆ ತೆಗೀರಿ, ಇಲ್ಲಾಂದ್ರೆ ಎಲ್ಲಾ ಮೀನೂ ಕುಂಕುಮ ಬಳ್ಕೊಂಡಂಗೆ ಬರತ್ತೆ. ಲೈಟನ್ನ ಲೆನ್ಸ್ ಪಕ್ಕದಲ್ಲೇ ಇಡ್ಬೇಡಿ, ತೋಳಿನಂಥ ಕಂಬಿ (ಆರ್ಮ್) ಹಾಕಿ ದೂರ ಇಡಿ, ಹತ್ತಿರ ಇದ್ರೆ ನೀರಿನ ಧೂಳೆಲ್ಲ ಬೆಳಗಿ ಹಿಮ ಸುರಿದಂಗೆ ಕಾಣತ್ತೆ.

ಬೇರೆಯವರನ್ನ ಕರೆಯೋಕೆ ಗಿಲಿಗಿಲಿ ಸದ್ದು ಮಾಡೋ ಶೇಕರ್ ನನಗೆ ಅಷ್ಟಕ್ಕಷ್ಟೇ. ನೀರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡತ್ತೆ, ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ, ಹಾಗಾಗಿ ಯಾವ ಕಡೆಯಿಂದ ಬಂತು ಅಂತಾನೇ ಗೊತ್ತಾಗಲ್ಲ. ನೀವು ಅಲ್ಲಾಡಿಸಿದ್ರೆ ಗುಂಪೆಲ್ಲಾ ಗಿರಗಿರ ಸುತ್ತತ್ತೆ, ಅಷ್ಟರಲ್ಲಿ ಆಮೆ ಹೋಗಿರತ್ತೆ. ಬದಲಿಗೆ ಸ್ಲೇಟ್ ಇಟ್ಕೊಳ್ಳಿ, ಪೆನ್ಸಿಲ್ ನೀರಲ್ಲೂ ಬರಿಯತ್ತೆ, ಬಡ್ಡಿಗೆ ಜೋಕ್ ಬರೆದು ತೋರಿಸ್ಬೋದು, ಆದ್ರೆ ನಗಿಸಿದ್ರೆ ಮಾಸ್ಕಿಗೆ ನೀರು ನುಗ್ಗತ್ತೆ.

ನೀರೊಳಗೆ ನಿಮ್ಮನ್ನ ಎಳ್ಕೊಂಡು ಹೋಗೋ ಮೋಟಾರ್, ಅದೇ ಸ್ಕೂಟರ್ ಇದ್ರೆ ನಿಮಗೂ ಬಡ್ಡಿಗೂ ಇಬ್ಬರಿಗೂ ಇರ್ಲಿ. ಆಳ ಬದಲಾಗೋದು ಗೊತ್ತೇ ಆಗಲ್ಲ, ಮೂತಿ ಸ್ವಲ್ಪ ಮೇಲಾದ್ರೂ ಮೇಲೇರೋ ವೇಗಕ್ಕಿರೋ ನಿಮಿಷಕ್ಕೆ 9 ಮೀಟರ್ ಅನ್ನೋ ಮಿತಿ ದಾಟಿಬಿಡ್ತೀರ, ಕೆಳಗಾದ್ರೆ ಕಿವಿ ಒತ್ತಡ ಸರಿ ಮಾಡ್ಕೊಳ್ಳೋಕೆ (ಈಕ್ವಲೈಸ್) ಟೈಮ್ ಸಿಗಲ್ಲ. ಅದಕ್ಕೆ ಒಂದೇ ಆಳದಲ್ಲಿ ಓಡಿಸಿ, ಕಂಪ್ಯೂಟರ್ ಕಣ್ಣಿಗೆ ಕಾಣೋ ಹಾಗೆ ಹಿಡ್ಕೊಳ್ಳಿ, ಬ್ಯಾಟರಿ ಸತ್ರೆ ಈಜಿ ವಾಪಸ್ ಬರೋಕಾಗುವಷ್ಟೇ ದೂರ ಹೋಗಿ.

ಏನೇ ಇರ್ಲಿ, ನೇತಾಡೋಕೆ ಬಿಡ್ಬೇಡಿ, ಕ್ಲಿಪ್ ಹಾಕಿ ಮೈಗೆ ಒತ್ತಿರೋ ಹಾಗೆ ಕಟ್ಕೊಳ್ಳಿ. ಮೇಲೆ ಬಂದ್ಮೇಲೆ ಹೌಸಿಂಗ್ ಬಿಚ್ಚದೆ ಸಿಹಿನೀರಲ್ಲಿ ನೆನೆಹಾಕಿ ಬಟನ್ ಎಲ್ಲ ಒತ್ತಿ ಒತ್ತಿ ಉಪ್ಪು ಹೊರಗೆ ತೆಗೀರಿ, ಒಣಗಿದ ಮೇಲೆ ಬಿಚ್ಚಿ. ವಿಮಾನದಲ್ಲಿ ಹೋಗೋದಾದ್ರೆ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರ್ಬೇಕು, 100 ವ್ಯಾಟ್-ಅವರ್ ದಾಟಿದ್ರೆ ಏರ್‌ಲೈನ್ ಒಪ್ಪಿಗೆ ಬೇಕು, 160 ದಾಟಿದ್ರೆ ಬಿಡಲ್ಲ, ಸ್ಕೂಟರ್ ಕೊಳ್ಳೋವಾಗ್ಲೇ ಇದನ್ನ ನೋಡ್ಕೊಳ್ಳಿ. ಟಾರ್ಚಿಂದ ಬ್ಯಾಟರಿ ತೆಗೆದೇ ಪ್ಯಾಕ್ ಮಾಡಿ, ಆನ್ ಆದ್ರೆ ನೀರಿನ ತಂಪಿಲ್ದೆ ಟಾರ್ಚ್ ಸಿಕ್ಕಾಪಟ್ಟೆ ಕಾಯತ್ತೆ, ನನ್ನದು ಬ್ಯಾಗೊಳಗೆ ತಾನಾಗೇ ಆನ್ ಆಗಿ ಒಂದು ಟೀ ಶರ್ಟ್ ತೂತು ಮಾಡಿತ್ತು.