ಸರ್ರೆಗೆ ಬರುವ ಕನ್ನಡಿಗರೇ, ಮೊದಲು ಈ ಊರಿನ ನೆಲ ತಿಳಿದುಕೊಳ್ಳಿ

ಕೆನಡಾದ ವ್ಯಾಂಕೂವರ್‌ಗೆಂದು ಹೊರಟ ಅನೇಕ ಕುಟುಂಬಗಳು ಕೊನೆಗೆ ಮನೆ ಮಾಡುವುದು ಫ್ರೇಸರ್ ನದಿಯ ತೆಂಕಣ ದಡದಲ್ಲಿರುವ ಸರ್ರೆಯಲ್ಲಿ. ಬಾಡಿಗೆ ಒಂದಿಷ್ಟು ಕೈಗೆಟುಕುತ್ತದೆ, ಸ್ಕೈಟ್ರೇನ್ ಎಂಬ ಮೆಟ್ರೋ ರೈಲು ಇದೆ, ಕರಿಬೇವು ಸಿಗುತ್ತದೆ ಎಂಬಷ್ಟು ಕೇಳಿಕೊಂಡು ಬಂದಿರುತ್ತಾರೆ. ಸರ್ರೆ ಒಂದೇ ಊರು, ಎಲ್ಲಿ ಮನೆ ಹಿಡಿದರೂ ನಡೆಯುತ್ತದೆ ಎಂದುಕೊಂಡವರಿಗೆ ಮೊದಲ ತಿಂಗಳಲ್ಲೇ ಕಷ್ಟ ಶುರುವಾಗುತ್ತದೆ. 316 ಚದರ ಕಿಲೋಮೀಟರ್ ಹರಡಿಕೊಂಡಿರುವ, 2021ರ ಜನಗಣತಿಯಲ್ಲಿ 5,68,322 ಜನರಿದ್ದ ಈ ನಗರ ವಾಲಿ, ಗಿಲ್ಡ್‌ಫರ್ಡ್, ಫ್ಲೀಟ್‌ವುಡ್, ನ್ಯೂಟನ್, ಕ್ಲೋವರ್‌ಡೇಲ್, ದಕ್ಷಿಣ ಸರ್ರೆ ಎಂಬ ಆರು ಊರುಗಳ ಗುಂಪು. ನಡುನಡುವೆ ಹೊಲಗಳು, ಜೌಗು ನೆಲ, ಎರಡು ಹೊಳೆ. ಯಾವ ಊರಿನಲ್ಲಿ ಇರುತ್ತೀರಿ ಎಂಬುದರ ಮೇಲೆ ನಿಮ್ಮ ದಿನದ ಎರಡು ಗಂಟೆ ಉಳಿಯುವುದೋ ಹೋಗುವುದೋ ನಿರ್ಧಾರವಾಗುತ್ತದೆ.

ವಿಳಾಸವೇ ನಕ್ಷೆ

ಸರ್ರೆಯ ರಸ್ತೆಗಳಿಗೆ ಸಂಖ್ಯೆಯೇ ಹೆಸರು. ಪೂರ್ವ-ಪಶ್ಚಿಮಕ್ಕೆ ಹೋಗುವವು ಅವೆನ್ಯೂಗಳು, ಉತ್ತರ-ದಕ್ಷಿಣಕ್ಕೆ ಹೋಗುವವು ಸ್ಟ್ರೀಟ್‌ಗಳು. ಅವೆನ್ಯೂಗಳ ಎಣಿಕೆ ಅಮೆರಿಕದ ಗಡಿಯಲ್ಲಿ ಸೊನ್ನೆಯಿಂದ ಶುರುವಾಗಿ ಉತ್ತರಕ್ಕೆ ಏರುತ್ತದೆ. ಸ್ಟ್ರೀಟ್‌ಗಳ ಸಂಖ್ಯೆ ಪೂರ್ವಕ್ಕೆ ಏರುತ್ತದೆ. ಪಶ್ಚಿಮದಲ್ಲಿ ಡೆಲ್ಟಾ ನಗರದ ಗಡಿ 120ನೇ ಸ್ಟ್ರೀಟ್. ಅದನ್ನೇ ಎಲ್ಲರೂ ಸ್ಕಾಟ್ ರೋಡ್ ಎನ್ನುವುದು. ಪೂರ್ವದಲ್ಲಿ ಲ್ಯಾಂಗ್ಲಿಯ ಗಡಿ 196ರ ಆಸುಪಾಸು.

ಎಂಟು ಸಂಖ್ಯೆಗೆ ಒಂದು ಮೈಲಿ, ಅಂದರೆ ಸುಮಾರು 1.6 ಕಿಲೋಮೀಟರ್. ಇದನ್ನು ನೆನಪಿಟ್ಟರೆ ಫೋನ್ ತೆಗೆಯದೆಯೇ ದೂರ ಲೆಕ್ಕ ಹಾಕಬಹುದು. 72ನೇ ಅವೆನ್ಯೂವಿನಿಂದ 104ನೇ ಅವೆನ್ಯೂಗೆ 32 ಸಂಖ್ಯೆ, ನಾಲ್ಕು ಮೈಲಿ, ಆರೂವರೆ ಕಿಲೋಮೀಟರ್‌ಗೆ ಹತ್ತಿರ. ಮನೆ ಸಂಖ್ಯೆಯೂ ಹೀಗೆಯೇ: ನಗರಸಭೆಯ ವಿಳಾಸ 13450, 104ನೇ ಅವೆನ್ಯೂ. ಕೊನೆಯ ಎರಡು ಅಂಕಿ ಬಿಟ್ಟರೆ ಉಳಿಯುವುದು 134, ಅಂದರೆ ಆ ಕಟ್ಟಡ 134 ಮತ್ತು 135ನೇ ಸ್ಟ್ರೀಟ್‌ಗಳ ನಡುವೆ ಇದೆ. ಹೊಸಬರು ಎಡವುವುದು ಅವೆನ್ಯೂ, ಸ್ಟ್ರೀಟ್ ಅದಲುಬದಲು ಮಾಡಿದಾಗ, ಇಲ್ಲವೇ ‘ಎ’, ‘ಬಿ’ ಅಕ್ಷರ ಬಿಟ್ಟಾಗ. 75ನೇ ಅವೆನ್ಯೂ ಬೇರೆ, 75ಎ ಅವೆನ್ಯೂ ಬೇರೆ. ಪಾರ್ಸೆಲ್ ಕಳೆದುಹೋಗುವುದು ಹೆಚ್ಚಾಗಿ ಇಲ್ಲೇ.

ಈ ಚೌಕದ ಮೇಲೆ ಓರೆಯಾಗಿ ಹಾಯುವ ದೊಡ್ಡ ರಸ್ತೆಗಳು ಕಿಂಗ್ ಜಾರ್ಜ್ ಬುಲೆವಾರ್ಡ್ ಮತ್ತು ಫ್ರೇಸರ್ ಹೈವೇ. ಅವುಗಳ ಮೇಲೆ ಸಾಗುವಾಗ ಎರಡೂ ಸಂಖ್ಯೆ ಬದಲಾಗುವುದರಿಂದ ದಿಕ್ಕು ತಪ್ಪುವುದು ಸಹಜ.

ದಿಬ್ಬದ ಮೇಲೆ ಊರು, ತಗ್ಗಿನಲ್ಲಿ ಹೊಲ

ಉತ್ತರಕ್ಕೆ ಫ್ರೇಸರ್ ನದಿ, ನೈಋತ್ಯಕ್ಕೆ ಬೌಂಡರಿ ಬೇ, ದಕ್ಷಿಣಕ್ಕೆ ಸೆಮಿಆಮೂ ಕೊಲ್ಲಿ. ನಡುವಿನ ತಗ್ಗಿನಲ್ಲಿ ಸರ್ಪೆಂಟೈನ್ ಮತ್ತು ನಿಕೋಮೆಕಲ್ ಹೊಳೆಗಳು ಅಂಕುಡೊಂಕಾಗಿ ಹರಿದು ಮಡ್ ಬೇ ಸೇರುತ್ತವೆ. ಜನವಸತಿ ಬೆಳೆದದ್ದು ದಿಬ್ಬಗಳ ಮೇಲೆ. ತಗ್ಗು ಹಿಂದೆ ಉಬ್ಬರದ ನೀರು ನುಗ್ಗುತ್ತಿದ್ದ ಜಾಗ. ನೂರು ವರ್ಷಕ್ಕೂ ಹಿಂದೆ ರೈತರು ಒಡ್ಡು ಕಟ್ಟಿ, ಎರಡೂ ಹೊಳೆಗಳಿಗೆ ಕಡಲ ತೂಬು ಹಾಕಿದರು. ಇಳಿತದಲ್ಲಿ ತೂಬಿನ ಕದ ಹೊಳೆಯ ನೀರಿನ ಒತ್ತಡಕ್ಕೆ ತೆರೆದುಕೊಳ್ಳುತ್ತದೆ, ಉಬ್ಬರ ಬಂದಾಗ ಕಡಲ ನೀರೇ ಅದನ್ನು ದಬ್ಬಿ ಮುಚ್ಚುತ್ತದೆ. ಹಾಗಾಗಿ ಉಪ್ಪುನೀರು ಹೊಲಕ್ಕೆ ಬರುವುದಿಲ್ಲ. ಕರಾವಳಿ ಕಡೆಯವರಿಗೆ ಗಜನಿ ಗದ್ದೆಯ ಜಂತ್ರಡಿ ಬಾಗಿಲು ನೆನಪಾದರೆ ಆಶ್ಚರ್ಯವಿಲ್ಲ. ಚಳಿಗಾಲದ ದೊಡ್ಡ ಉಬ್ಬರ, ಬಿರುಗಾಳಿ, ಜಡಿಮಳೆ ಒಟ್ಟಿಗೆ ಬಂದರೆ ಕದ ಮುಚ್ಚಿಯೇ ಇರುತ್ತದೆ, ಹೊಳೆಯ ನೀರಿಗೆ ಹೋಗಲು ದಾರಿಯಿಲ್ಲದೆ ಹೊಲ ಮುಳುಗುತ್ತದೆ. ಕಡಲಮಟ್ಟ ಏರುತ್ತಿರುವುದರಿಂದ ನಗರಸಭೆ ಒಡ್ಡು, ತೂಬುಗಳನ್ನು ಹೊಸದಾಗಿ ಕಟ್ಟುವ ಕೆಲಸ ಹಿಡಿದಿದೆ.

ನಗರದ ಸುಮಾರು ಮೂರನೇ ಒಂದು ಭಾಗ ಕೃಷಿಗೆಂದೇ ಮೀಸಲು. ಸರ್ರೆ ಇರುವ ಪ್ರಾಂತ್ಯವಾದ ಬ್ರಿಟಿಷ್ ಕೊಲಂಬಿಯಾ 1973ರಲ್ಲಿ ತಂದ ಕೃಷಿಭೂಮಿ ಕಾನೂನು ಇದನ್ನು ಕಾಯುತ್ತಿದೆ. ಇಲ್ಲದಿದ್ದರೆ ಇಷ್ಟರಲ್ಲಿ ಅಲ್ಲೆಲ್ಲ ಮನೆಗಳೇ ಎದ್ದಿರುತ್ತಿದ್ದವು. ಜುಲೈ, ಆಗಸ್ಟ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಬ್ಲೂಬೆರಿ ನೀವೇ ಬಿಡಿಸಿಕೊಂಡು ತರಬಹುದು, ಅಂಗಡಿಗಿಂತ ತಾಜಾ.

ಇದರಿಂದ ದಿನನಿತ್ಯದ ಒಂದು ತೊಡಕೂ ಇದೆ. ದಕ್ಷಿಣ ಸರ್ರೆಗೂ ಉಳಿದ ಸರ್ರೆಗೂ ನಡುವೆ ಈ ತಗ್ಗನ್ನು ದಾಟುವ ರಸ್ತೆಗಳು ಕೆಲವೇ: ಕಿಂಗ್ ಜಾರ್ಜ್, 152ನೇ ಸ್ಟ್ರೀಟ್, 176ನೇ ಸ್ಟ್ರೀಟ್, ಹೈವೇ 99, ಹೀಗೆ. ಒಂದರಲ್ಲಿ ಅಪಘಾತವಾದರೆ ಎಲ್ಲವೂ ನಿಂತುಬಿಡುತ್ತವೆ. ಕೆಲಸ ವಾಲಿಯಲ್ಲಿದ್ದು, ಕಡಲು ಹತ್ತಿರ ಎಂಬ ಆಸೆಗೆ ದಕ್ಷಿಣದಲ್ಲಿ ಮನೆ ಮಾಡುವ ಮುನ್ನ ಕೆಲಸದ ದಿನ ಬೆಳಗ್ಗೆ ಏಳೂವರೆಗೆ ಒಮ್ಮೆ ಆ ದಾರಿಯಲ್ಲಿ ಹೋಗಿ ನೋಡಿ.

ಯಾರ ನೆಲ, ಯಾರು ಬಂದರು

ಇದು ಸೆಮಿಆಮೂ, ಕೇಟ್ಸಿ, ಕ್ವಾಂಟ್ಲನ್ ಮುಂತಾದ ಮೂಲನಿವಾಸಿ ಜನರ ನೆಲ. 1846ರಲ್ಲಿ ಬ್ರಿಟನ್ ಮತ್ತು ಅಮೆರಿಕ 49ನೇ ಅಕ್ಷಾಂಶದ ಮೇಲೆ ಗೆರೆ ಎಳೆದಾಗ ಸೆಮಿಆಮೂ ಜನರ ನಾಡು ಎರಡು ದೇಶಕ್ಕೆ ಹಂಚಿಹೋಯಿತು. ದಕ್ಷಿಣದ ಕಡಲಂಚಿನ ಊರಾದ ವೈಟ್ ರಾಕ್ ಪಕ್ಕದಲ್ಲಿರುವ ಅವರ ವಸತಿಯಲ್ಲಿ 2005ರಿಂದ 2021ರವರೆಗೂ ನಲ್ಲಿಯ ನೀರನ್ನು ಕಾಯಿಸದೆ ಕುಡಿಯುವಂತಿರಲಿಲ್ಲ. ಸುತ್ತಲಿನ ಮನೆಗಳಿಗೆಲ್ಲ ಶುದ್ಧ ನೀರು ಬರುತ್ತಿದ್ದ ಕಾಲವದು. ಶಾಲೆಯ ಸಮಾರಂಭಗಳ ಆರಂಭದಲ್ಲಿ ಈ ಜನರ ಹೆಸರು ಹೇಳುವುದನ್ನು ಕೇಳುತ್ತೀರಿ. ಅದರ ಹಿಂದೆ ಇಂಥ ಸಂಗತಿಗಳಿವೆ ಎಂದು ಮಕ್ಕಳಿಗೂ ತಿಳಿಸಿ.

ಸರ್ರೆ ಪುರಸಭೆಯಾದದ್ದು 1879ರಲ್ಲಿ, ನಗರವಾದದ್ದು 1993ರಲ್ಲಿ. ವೈಟ್ ರಾಕ್ 1957ರಲ್ಲಿ ಬೇರೆಯಾಯಿತು. ನದಿಗೆ ಸೇತುವೆ ಬಂದ ಹಾಗೆಲ್ಲ ಊರು ಬೆಳೆಯಿತು: 1904ರ ರೈಲು ಸೇತುವೆ, 1910ರಲ್ಲಿ ಚಿಲಿವಾಕ್‌ವರೆಗೆ ಹೋದ ವಿದ್ಯುತ್ ರೈಲು, 1937ರ ಪಟುಲೊ ಸೇತುವೆ, 1964ರ ಪೋರ್ಟ್ ಮನ್ ಸೇತುವೆ, 1990ರಲ್ಲಿ ನದಿ ದಾಟಿದ ಸ್ಕೈಟ್ರೇನ್. ಅದು 1994ರಲ್ಲಿ ಕಿಂಗ್ ಜಾರ್ಜ್ ನಿಲ್ದಾಣ ಮುಟ್ಟಿತು.

ಸ್ಕಾಟ್ ರೋಡ್ ಮತ್ತು 72ನೇ ಅವೆನ್ಯೂ ಸೇರುವಲ್ಲಿ ಈಗ ದೊಡ್ಡ ಅಂಗಡಿಗಳಿರುವ ಸ್ಟ್ರಾಬೆರಿ ಹಿಲ್‌ನಲ್ಲಿ ಜಪಾನಿ ರೈತರು ಕಾಡು ಕಡಿದು ಸ್ಟ್ರಾಬೆರಿ ಬೆಳೆದಿದ್ದರು. 1942ರಲ್ಲಿ ಕೆನಡಾ ಸರ್ಕಾರ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಎಬ್ಬಿಸಿ ಒಳನಾಡಿಗೆ ಕಳುಹಿಸಿ, ಅವರ ಆಸ್ತಿ ಮಾರಿಬಿಟ್ಟಿತು. ನಮ್ಮ ದೇಶದವರ ಕಥೆಯೂ ಹಗುರವಾದದ್ದಲ್ಲ. 1907ರಲ್ಲಿ ಈ ಪ್ರಾಂತ್ಯ ಭಾರತೀಯರ ಮತದ ಹಕ್ಕು ಕಿತ್ತುಕೊಂಡಿತು, ಮರಳಿ ಸಿಕ್ಕಿದ್ದು 1947ರಲ್ಲಿ. 1914ರಲ್ಲಿ 376 ಪ್ರಯಾಣಿಕರಿದ್ದ ಕೊಮಗಾಟ ಮಾರು ಹಡಗನ್ನು ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ತಡೆದು ಹಿಂದೆ ಕಳುಹಿಸಿದರು. ಸರ್ರೆಯ 75ಎ ಅವೆನ್ಯೂವಿನ ಒಂದು ಭಾಗಕ್ಕೆ ಈಗ ಆ ಹಡಗಿನ ಹೆಸರಿದೆ. ಮರದ ಮಿಲ್ಲುಗಳಲ್ಲಿ, ಹೊಲಗಳಲ್ಲಿ ದುಡಿದ ಪಂಜಾಬಿಗಳು ತೆರೆದ ದಾರಿಯಲ್ಲೇ ನಾವೂ ಬಂದಿದ್ದೇವೆ. 2021ರಲ್ಲಿ ಊರಿನ ಸುಮಾರು 38 ಶೇಕಡ ಜನ ದಕ್ಷಿಣ ಏಷ್ಯಾ ಮೂಲದವರು. ನ್ಯೂಟನ್‌ನಲ್ಲಿ ಏಪ್ರಿಲ್‌ನ ಸಿಖ್ಖರ ವೈಶಾಖಿ ಹಬ್ಬದ ಮೆರವಣಿಗೆಗೆ ಲಕ್ಷಾಂತರ ಜನ ಸೇರುತ್ತಾರೆ. ಆ ಶನಿವಾರ 128ನೇ ಸ್ಟ್ರೀಟ್ ಸುತ್ತ ಕಾರು ಒಯ್ಯಬೇಡಿ, ನಡೆದೇ ಹೋಗಿ, ಕೊಟ್ಟ ಊಟ ಕೈಯೊಡ್ಡಿ ತೆಗೆದುಕೊಳ್ಳಿ. ದಿನಸಿಗೂ ಅದೇ 128ನೇ ಸ್ಟ್ರೀಟ್ ಮತ್ತು ಸ್ಕಾಟ್ ರೋಡ್ ಅನುಕೂಲ. ದೇವಸ್ಥಾನಕ್ಕೆ 140ನೇ ಸ್ಟ್ರೀಟ್‌ನ ಲಕ್ಷ್ಮೀನಾರಾಯಣ ಮಂದಿರವಿದೆ.

ಬೇಸ್ಮೆಂಟ್ ಮನೆ ಹಿಡಿಯುವಾಗ

ಹೊಸಬರಿಗೆ ಮೊದಲು ಸಿಗುವುದು ಬಹುಪಾಲು ಬೇಸ್ಮೆಂಟ್. ಮಾಲೀಕರು ಮೇಲೆ, ನೀವು ಕೆಳಗೆ. ನೋಡಲು ಹೋದಾಗ ನಾಲ್ಕು ವಿಷಯ ಕೈಯಾರೆ ಪರೀಕ್ಷಿಸಿ.

ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ನಿಜಕ್ಕೂ ಹೊರಗೆ ಹಾಕುತ್ತದೆಯೇ? ಫ್ಯಾನ್ ಹಾಕಿ, ಹೊರಗೆ ಹೋಗಿ ಗೋಡೆಯ ಕಿಂಡಿಯ ಮುಚ್ಚಳ ಅಲುಗುತ್ತಿದೆಯೇ ನೋಡಿ. ಕಿಂಡಿಯೇ ಇಲ್ಲದಿದ್ದರೆ ಅದು ಹೊಗೆಯನ್ನು ಜಾಲರಿಯಲ್ಲಿ ಸೋಸಿ ಮತ್ತೆ ಅಡುಗೆಮನೆಗೇ ಬಿಡುವ ಬಗೆ. ಒಗ್ಗರಣೆ ಹಾಕಿದಾಗಲೆಲ್ಲ ಹೊಗೆ ಅಲಾರಂ ಕೂಗುತ್ತದೆ. ಅಲಾರಂ ಕಿತ್ತಿಡುವುದು ಪ್ರಾಣಕ್ಕೆ ಅಪಾಯ, ಆ ಕೆಲಸ ಮಾತ್ರ ಮಾಡಬೇಡಿ. ಎರಡನೆಯದು ತೇವ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಳೆ ಬಿಡುವುದಿಲ್ಲ. ಹೊರಗೋಡೆಯ ಮೂಲೆ, ಕಿಟಕಿಯ ಚೌಕಟ್ಟು, ಬಟ್ಟೆ ಕಪಾಟಿನ ಹಿಂಬದಿಯಲ್ಲಿ ಕಪ್ಪು ಬೂಷ್ಟಿನ ಚುಕ್ಕಿ ಇದೆಯೇ ನೋಡಿ. ಹೊಸ ಬಣ್ಣದ ವಾಸನೆ ಬಂದರೆ ಇನ್ನೂ ಹತ್ತಿರದಿಂದ ನೋಡಿ. ಮೂರನೆಯದು ಮಲಗುವ ಕೋಣೆಯ ಕಿಟಕಿ: ಬೆಂಕಿ ಬಿದ್ದರೆ ದೊಡ್ಡವರು ಅದರಿಂದ ಹೊರಬರುವಷ್ಟು ಅಗಲ ಬೇಕು. ನಾಲ್ಕನೆಯದು ಹೀಟರ್ ಯಾರ ಕೈಯಲ್ಲಿದೆ ಎಂಬುದು. ಗುಂಡಿ ಮೇಲ್ಮನೆಯಲ್ಲಿದ್ದರೆ, ಅವರು ಊರಿಗೆ ಹೋದ ಜನವರಿಯಲ್ಲಿ ನೀವು ನಡುಗಬೇಕಾಗುತ್ತದೆ.

ಕಾನೂನಿನ ಪ್ರಕಾರ ಮುಂಗಡ ಠೇವಣಿ ಅರ್ಧ ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ರೂಢಿಯಿಂದ ಬಂದವರು ಕೇಳಿದಷ್ಟು ಕೊಟ್ಟುಬಿಡುತ್ತಾರೆ. ನಗದು ಕೊಟ್ಟರೆ ರಸೀದಿ ಕೊಡುವುದು ಮಾಲೀಕರ ಕರ್ತವ್ಯ. ಬಾಡಿಗೆ ಏರಿಕೆ 12 ತಿಂಗಳಿಗೆ ಒಮ್ಮೆ ಮಾತ್ರ, ಪ್ರಾಂತ್ಯ ಹೇಳಿದ ಮಿತಿಯೊಳಗೆ, ಮೂರು ಪೂರ್ತಿ ತಿಂಗಳು ಮೊದಲೇ ಲಿಖಿತ ನೋಟಿಸ್ ಕೊಟ್ಟು. ಒಳಹೋಗುವ ದಿನ ಮಾಲೀಕರ ಜೊತೆ ಮನೆಯ ಸ್ಥಿತಿಯನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಫೋಟೋ ತೆಗೆದಿಡಿ. ಬಿಟ್ಟಮೇಲೆ ಹೊಸ ವಿಳಾಸವನ್ನು ಬರಹದಲ್ಲಿ ಕೊಟ್ಟರೆ 15 ದಿನದಲ್ಲಿ ಠೇವಣಿ ಹಿಂತಿರುಗಬೇಕು, ಇಲ್ಲವೇ ಮಾಲೀಕರು ಬಾಡಿಗೆ ವ್ಯಾಜ್ಯದ ಕಚೇರಿಗೆ ಅರ್ಜಿ ಹಾಕಬೇಕು. ಮಾಲೀಕರೊಂದಿಗೆ ಅಡುಗೆಮನೆ ಅಥವಾ ಬಚ್ಚಲು ಹಂಚಿಕೊಂಡಿದ್ದರೆ ಈ ಯಾವ ರಕ್ಷಣೆಯೂ ನಿಮಗಿಲ್ಲ, ಇದು ಬಹಳ ಜನರಿಗೆ ತಡವಾಗಿ ತಿಳಿಯುತ್ತದೆ. ಮನೆ ನೋಡದೆ ಊರಿನಿಂದಲೇ ಹಣ ಕಳುಹಿಸುವುದಂತೂ ಬೇಡ.

ಓಡಾಟ, ಲೈಸೆನ್ಸ್, ವೈದ್ಯ

ಬಸ್ಸು, ರೈಲಿನ ದರದ ಲೆಕ್ಕದಲ್ಲಿ ಸರ್ರೆ ಮೂರನೇ ವಲಯ. ವ್ಯಾಂಕೂವರ್ ಪೇಟೆಗೆ ಸ್ಕೈಟ್ರೇನ್‌ನಲ್ಲಿ ಮೂರು ವಲಯದ ದರ. ಸಂಜೆ ಆರೂವರೆ ನಂತರ, ಶನಿವಾರ, ಭಾನುವಾರ ಎಲ್ಲಿಗೆ ಹೋದರೂ ಒಂದೇ ವಲಯದ ದರ; ಬಸ್ಸಿಗೆ ಯಾವಾಗಲೂ ಒಂದೇ. ಕಂಪಸ್ ಎಂಬ ಪ್ರಯಾಣದ ಕಾರ್ಡನ್ನು ಸ್ಕೈಟ್ರೇನ್‌ನಿಂದ ಇಳಿದು ಹೊರಬರುವಾಗಲೂ ತೋರಿಸಿ, ಮರೆತರೆ ಪೂರ್ತಿ ದರ ಕಡಿತವಾಗುತ್ತದೆ. ಸರ್ರೆಗೆ ಬರುವ ಸ್ಕೈಟ್ರೇನ್ ಮಾರ್ಗವಾದ ಎಕ್ಸ್‌ಪೋ ಲೈನ್ ಕೊಲಂಬಿಯಾ ನಿಲ್ದಾಣದ ನಂತರ ಕವಲೊಡೆಯುತ್ತದೆ. ರೈಲಿನ ಮೇಲೆ ಕಿಂಗ್ ಜಾರ್ಜ್ ಎಂದಿದೆಯೇ ನೋಡಿ ಹತ್ತಿ. ಬೇರೆ ರೈಲು ಹತ್ತಿದ್ದರೆ ಕೊಲಂಬಿಯಾದಲ್ಲೇ ಇಳಿದು ಬದಲಾಯಿಸಿ.

ಭಾರತದ ಲೈಸೆನ್ಸ್ 90 ದಿನ ನಡೆಯುತ್ತದೆ. ಅಷ್ಟರಲ್ಲಿ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಪಾಸಾಗಬೇಕು. ಎರಡು ವರ್ಷದ ಪೂರ್ಣ ಲೈಸೆನ್ಸ್ ಅನುಭವಕ್ಕೆ ದಾಖಲೆ ಇದ್ದರೆ ನೇರವಾಗಿ ಐದನೇ ದರ್ಜೆ, ಅಂದರೆ ಕಾರಿನ ಪೂರ್ಣ ಲೈಸೆನ್ಸ್ ಸಿಗುತ್ತದೆ, ಇಲ್ಲದಿದ್ದರೆ ಕಲಿಕೆಯವರ ಸಾಲು. ನವೀಕರಿಸಿದ ಕಾರ್ಡಿನಲ್ಲಿ ಮೊದಲು ಕೊಟ್ಟ ದಿನಾಂಕ ಇಲ್ಲದಿದ್ದರೆ ಹೊರಡುವ ಮೊದಲೇ ಆರ್‌ಟಿಒದಿಂದ ದಾಖಲೆ ತನ್ನಿ. ಚೆನ್ನಾಗಿ ಓಡಿಸುವವರೇ ಫೇಲಾಗುವುದು ಮೂರು ಕಡೆ: ಲೇನ್ ಬದಲಿಸುವಾಗ ಹೆಗಲ ಮೇಲಿಂದ ತಿರುಗಿ ನೋಡದಿರುವುದು, ಸ್ಟಾಪ್ ಫಲಕದಲ್ಲಿ ಚಕ್ರ ಪೂರ್ತಿ ನಿಲ್ಲಿಸದಿರುವುದು, ಶಾಲೆಯ ಬಳಿ ಗಂಟೆಗೆ 30 ಕಿಲೋಮೀಟರ್ ಮಿತಿ ಮೀರುವುದು.

ಸರ್ಕಾರಿ ಆರೋಗ್ಯ ವಿಮೆಗೆ ಬಂದ ದಿನವೇ ಅರ್ಜಿ ಹಾಕಿ. ಬಂದ ತಿಂಗಳಿನ ಉಳಿದ ದಿನ ಮತ್ತು ಮುಂದಿನ ಎರಡು ತಿಂಗಳು ಕಾಯಬೇಕು. ಮಾರ್ಚ್ 31ಕ್ಕೆ ಇಳಿದರೆ ಜೂನ್ 1ಕ್ಕೆ ಶುರು, ಏಪ್ರಿಲ್ 1ಕ್ಕೆ ಇಳಿದರೆ ಜುಲೈ 1ಕ್ಕೆ. ಟಿಕೆಟ್ ತೆಗೆಯುವಾಗ ಇದನ್ನು ನೋಡಿಕೊಳ್ಳಿ. ನಡುವಿನ ದಿನಗಳಿಗೆ ಖಾಸಗಿ ವಿಮೆ ಬೇಕೇ ಬೇಕು. ಹಲ್ಲು, ಕನ್ನಡಕ ಈ ವಿಮೆಯಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ಆರೋಗ್ಯ ಸಲಹೆಗೆ 811, ತುರ್ತಿಗೆ 911. ಶಾಲೆ ಮನೆಯ ವಿಳಾಸದ ಮೇಲೆ ಸಿಗುವುದರಿಂದ ಬಾಡಿಗೆ ಕರಾರಿಗೆ ಸಹಿಯಾದ ಕೂಡಲೇ ದಾಖಲಾತಿ ಮಾಡಿ. ಮಗುವಿಗೆ ಐದು ತುಂಬುವ ವರ್ಷದ ಸೆಪ್ಟೆಂಬರ್‌ನಲ್ಲಿ ಕಿಂಡರ್‌ಗಾರ್ಟನ್.

ಕಡಲು ಮತ್ತು ಗಡಿ

ದಕ್ಷಿಣ ಸರ್ರೆಯ ಕ್ರೆಸೆಂಟ್ ಬೀಚ್‌ನಲ್ಲಿ ಇಳಿತದ ಹೊತ್ತಿಗೆ ಮರಳು ಬಲು ದೂರದವರೆಗೆ ಬರಿದಾಗುತ್ತದೆ. ಚಪ್ಪಟೆ ನೆಲವಾದ್ದರಿಂದ ಉಬ್ಬರದ ನೀರು ಬೇಗ, ಕೆಲವೊಮ್ಮೆ ಹಿಂದಿನ ತಗ್ಗಿನಿಂದಲೂ ಬರುತ್ತದೆ. ಉಬ್ಬರ-ಇಳಿತದ ಹೊತ್ತು ನೋಡಿಕೊಂಡೇ ಮಕ್ಕಳೊಂದಿಗೆ ಹೋಗಿ. ಚಿಪ್ಪು, ಮರುವಾಯಿ ಆರಿಸಬೇಡಿ. ಮಾಲಿನ್ಯದ ಕಾರಣ ಬೌಂಡರಿ ಬೇಯಲ್ಲಿ 1962ರಿಂದ ಅದಕ್ಕೆ ನಿಷೇಧವಿದೆ.

ಹೈವೇ 99ರಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದರೆ 8ನೇ ಅವೆನ್ಯೂವಿನ ಫಲಕ ಕಂಡ ಕೂಡಲೇ ಹೊರದಾರಿ ಹಿಡಿಯಿರಿ. ಮುಂದೆ ಹೋದರೆ ಗಡಿಯ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತೀರಿ, ಅಲ್ಲಿ ರಿವರ್ಸ್ ತೆಗೆಯುವಂತಿಲ್ಲ. ಹಾಗಾದರೆ ಗಾಬರಿ ಬೇಡ, ದಾರಿ ತಪ್ಪಿ ಬಂದೆವು ಎಂದು ಅಧಿಕಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅವರು ತೋರಿಸಿದ ಕಡೆ ತಿರುಗಿಸಿ. ಕೆನಡಾಕ್ಕೆ ಮರಳಿ ಬರುವಾಗಲೂ ತಪಾಸಣೆ ಇರುತ್ತದೆ. ಆದ್ದರಿಂದ ದಕ್ಷಿಣ ಸರ್ರೆಯ ಕಡೆ ಹೋಗುವಾಗ ಪಾಸ್‌ಪೋರ್ಟ್ ಮತ್ತು ಪಿಆರ್ (ಕಾಯಂ ವಾಸದ) ಕಾರ್ಡ್ ಅಥವಾ ಪರ್ಮಿಟ್ ಕಾರಿನಲ್ಲಿ ಜೊತೆಗಿರಲಿ.