ಓಟಿ, ಮುಂಗಡ, ಗೋಡೌನ್: ಕಾಫಿ ವ್ಯಾಪಾರದ ಲೆಕ್ಕವನ್ನು ಟ್ಯಾಲಿಗೆ ಕೂರಿಸಿದ ಅನುಭವ

ಗೋಣಿಕೊಪ್ಪದಲ್ಲಿ ಕಾಫಿ, ಕರಿಮೆಣಸು ಕೊಳ್ಳುವ ಒಂದು ಸಣ್ಣ ಪಾಲುದಾರಿಕೆ ಸಂಸ್ಥೆಯ ಲೆಕ್ಕ ನೋಡಿಕೊಳ್ಳುವವನು ನಾನು. ಜೊತೆಗೆ ಸ್ವಲ್ಪ ಕಾಫಿ ಪುಡಿಯನ್ನೂ ಮಾಡಿ ಮಾರುತ್ತೇವೆ. ಕೆಲಸಕ್ಕೆ ಸೇರಿದಾಗ ಮೇಜಿನ ಮೇಲೆ ಕಿರ್ದಿ ಪುಸ್ತಕ, ಖಾತೆ ಪುಸ್ತಕ ಇದ್ದವು. ಈಗ ಟ್ಯಾಲಿಪ್ರೈಮ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಇದೆ. ಈ ನಡುವೆ ನಮ್ಮಲ್ಲಿ ಸಾಫ್ಟ್‌ವೇರ್ ಬದಲಾದಾಗಲೆಲ್ಲ ಹೆಚ್ಚಾಗಿ ಅದಕ್ಕೆ ಕಾರಣ ತೆರಿಗೆ. ವ್ಯಾಟ್ ಬಂತು, ಬದಲಾಯಿಸಿದೆವು. ಜಿಎಸ್‌ಟಿ ಬಂತು, ಮತ್ತೆ ಬದಲಾಯಿಸಿದೆವು. ಸುಮಾರು ಸಣ್ಣ ವ್ಯಾಪಾರಿಗಳು ಇವತ್ತಿಗೂ ಅಷ್ಟಕ್ಕೇ ನಿಲ್ಲಿಸಿದ್ದಾರೆ. ತಿಂಗಳ ಕೊನೆಗೆ ರಿಟರ್ನ್ ಹಾಕೋಕೆ ಬಿಲ್ ಏರಿಸುತ್ತಾರೆ, ಮಿಕ್ಕಿದ್ದೆಲ್ಲ ಚೀಟಿಯಲ್ಲೇ ಇರುತ್ತದೆ. ನಮಗೆ ನಿಜವಾದ ಲಾಭ ಸಿಕ್ಕಿದ್ದು ಆ ಚೀಟಿಯಲ್ಲಿದ್ದದ್ದನ್ನು ಒಳಗೆ ತಂದಾಗ.

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಮೊದಲು ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರದ್ದನ್ನೂ ಒಟ್ಟಿಗೆ ಸೇರಿಸಿ ಮಾರುವ ವ್ಯವಸ್ಥೆಗೆ, ಹಾಕಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. 90ರ ದಶಕದಲ್ಲಿ ಆ ಕಟ್ಟು ಒಂದೊಂದಾಗಿ ಸಡಿಲವಾಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಗೋಣಿಕೊಪ್ಪ, ಸಿದ್ದಾಪುರ, ವಿರಾಜಪೇಟೆ, ಸುಂಟಿಕೊಪ್ಪ ಎಲ್ಲಾ ಕಡೆ ಖಾಸಗಿ ಖರೀದಿದಾರರು ಬೆಳೆದರು. ಒಬ್ಬೊಬ್ಬ ಬೆಳೆಗಾರನ ಜೊತೆ ದಿನದಿನದ ಲೆಕ್ಕ ಶುರುವಾಯಿತು. ಅದೇ ಕಾಲಕ್ಕೆ ಟ್ಯಾಲಿಯೂ ಸಣ್ಣ ಊರುಗಳಿಗೆ ಬರುತ್ತಿತ್ತು. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಪ್ಯೂಟ್ರಾನಿಕ್ಸ್ ಅಂತ ಶುರು ಮಾಡಿದ ಕಂಪನಿಯ ಸಾಫ್ಟ್‌ವೇರ್ ಅದು. ಮೊದಲು ಡಾಸ್‌ನಲ್ಲಿ ಓಡುತ್ತಿತ್ತು, ಮೌಸ್ ಇಲ್ಲದೆ, ಬರೀ ಕೀಲಿಗಳ ಮೇಲೆ. ಪಾವತಿಗೆ ಎಫ್5, ರಸೀದಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಆ ಕೀಲಿಗಳು ಇವತ್ತೂ ಅವೇ. ಬೆರಳು ಕಲಿತದ್ದು ವ್ಯರ್ಥವಾಗಲಿಲ್ಲ ಅನ್ನೋದು ನನಗೆ ದೊಡ್ಡ ಸಮಾಧಾನ.

ಟ್ಯಾಲಿ ನಮ್ಮ ಕಡೆ ಬೇರೂರಿದ್ದಕ್ಕೆ ಇನ್ನೊಂದು ಕಾರಣವಿದೆ. ಬೇರೆ ಪ್ಯಾಕೇಜುಗಳಲ್ಲಿ ಪ್ರತಿ ಖಾತೆಗೂ ಒಂದು ಕೋಡ್ ನಂಬರ್ ಕೊಡಬೇಕಿತ್ತು. ಟ್ಯಾಲಿಯಲ್ಲಿ ಹೆಸರು ಟೈಪ್ ಮಾಡಿದರೆ ಸಾಕು. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಆಮೇಲೆ ವ್ಯಕ್ತಿಯ ಹೆಸರು. ಒಂದೇ ಹೆಸರಿನವರು ಊರಿಗೆ ನಾಲ್ಕು ಜನ ಇರುತ್ತಾರೆ, ಅಲ್ವಾ? ಹಾಗಾಗಿ ನಾನು ಮನೆತನ, ಹೆಸರು, ಊರು ಈ ಕ್ರಮದಲ್ಲೇ ಖಾತೆ ತೆರೆಯುತ್ತೇನೆ. ಮನೆತನದ ಮೊದಲ ಮೂರು ಅಕ್ಷರ ಹೊಡೆದರೆ ಅಣ್ಣತಮ್ಮಂದಿರ ಖಾತೆಗಳೆಲ್ಲ ಒಟ್ಟಿಗೆ ಕಾಣುತ್ತವೆ. ಹೊಸದಾಗಿ ಶುರು ಮಾಡುವವರು ಈ ಕ್ರಮವನ್ನು ಮೊದಲ ದಿನವೇ ಗಟ್ಟಿ ಮಾಡಿಕೊಳ್ಳಿ.

ಈಗ ಮುಖ್ಯ ವಿಷಯ, ಓಟಿ. ಅಂದರೆ ಔಟ್‌ಟರ್ನ್, ಒಂದು ಚೀಲದಿಂದ ಎಷ್ಟು ಬೀಜ ಸಿಗುತ್ತದೆ ಅನ್ನೋದು. ರೊಬಸ್ಟಾ ಚೆರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಚೀಲದಲ್ಲಿ ಬರುತ್ತದೆ. ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ಬೀಜ ತೂಗುತ್ತೇವೆ, ತೇವಾಂಶ ನೋಡುತ್ತೇವೆ. ಒಂದು ಚೀಲಕ್ಕೆ 26 ಕೆಜಿ ಬೀಜ ಸಿಗುತ್ತದೆ ಅಂತಾದರೆ ಓಟಿ 26. ಬೆಲೆ ಹೇಳೋದು ಒಂದು ಓಟಿಗೆ ಇಷ್ಟು ಅಂತ. ಲೆಕ್ಕ ಸುಲಭವಾಗಲಿ ಅಂತ 200 ರೂಪಾಯಿ ಇಟ್ಟುಕೊಳ್ಳೋಣ. ಚೀಲಕ್ಕೆ 5,200 ರೂಪಾಯಿ ಆಯಿತು. ಯಾವ ಸಾಫ್ಟ್‌ವೇರಿಗೂ ಓಟಿ ಅಂದರೆ ಏನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಪ್ರಮಾಣ ಮತ್ತು ದರ, ಅಷ್ಟೇ. ಬಿಲ್ಲಿನಲ್ಲಿ 5,200 ಅಂತ ಹೊಡೆದು ಬಿಟ್ಟರೆ ತೆರಿಗೆಗೆ ಸಾಕು. ಆದರೆ 26 ಎಲ್ಲಿಗೆ ಹೋಯಿತು? ಅದು ತೂಕದ ಚೀಟಿಯಲ್ಲೇ ಉಳಿಯಿತು.

ನಾನು ಮಾಡಿದ್ದು ಇಷ್ಟು. ಐಟಂಗೆ ಮೂಲ ಅಳತೆ ಕೆಜಿ, ಜೊತೆಗೆ ಪರ್ಯಾಯ ಅಳತೆ ಚೀಲ. ಬ್ಯಾಚ್ ಸೌಲಭ್ಯ ಆನ್ ಮಾಡಿ, ಪ್ರತಿ ಲಾಟ್‌ಗೆ ಒಂದು ಬ್ಯಾಚ್. ಬ್ಯಾಚಿನ ಹೆಸರಲ್ಲೇ ಚೀಟಿ ನಂಬರ್ ಮತ್ತು ಓಟಿ. ಕ್ಯೂರಿಂಗ್‌ಗೆ, ಅಂದರೆ ಸಿಪ್ಪೆ ತೆಗೆದು ಬೀಜವನ್ನು ಗ್ರೇಡ್ ಮಾಡುವ ಕಡೆಗೆ, ಲಾರಿ ಹೋಗುವಾಗ ಯಾವ್ಯಾವ ಬ್ಯಾಚ್ ಹೋಯಿತು ಅಂತ ಗೊತ್ತಿರುತ್ತದೆ. 200 ಚೀಲ, ಎಲ್ಲಾ ಓಟಿ 26 ಅಂದುಕೊಳ್ಳಿ. 5,200 ಕೆಜಿ ಬೀಜ ಬರಬೇಕು. ಕ್ಯೂರಿಂಗ್‌ನಿಂದ ಎಬಿ, ಪಿಬಿ, ಸಿ, ಬಿಬಿಬಿ ಎಲ್ಲಾ ಗ್ರೇಡ್ ಸೇರಿಸಿ 5,080 ಕೆಜಿ ಬಂದಿದೆ. ಮ್ಯಾನುಫ್ಯಾಕ್ಚರಿಂಗ್ ಜರ್ನಲ್‌ನಲ್ಲಿ ಒಂದು ಕಡೆ ಚೆರಿ ಹೊರಗೆ, ಇನ್ನೊಂದು ಕಡೆ ಗ್ರೇಡ್‌ವಾರು ಬೀಜ ಒಳಗೆ. ವಿವರಣೆ ಬರೆಯುವ ಜಾಗದಲ್ಲಿ 'ಓಟಿ ಪ್ರಕಾರ 5,200' ಅಂತ ಹಾಕುತ್ತೇನೆ. ವ್ಯತ್ಯಾಸ 120 ಕೆಜಿ. ಅಂದರೆ 24,000 ರೂಪಾಯಿ. ಒಂದೇ ಲಾರಿಯಲ್ಲಿ! ಪುಸ್ತಕದ ಕಾಲದಲ್ಲಿ ಇದು ವರ್ಷದ ಕೊನೆಗೆ 'ಯಾಕೋ ಲಾಭ ಕಮ್ಮಿ' ಅನ್ನೋ ಮಾತಾಗಿ ಮುಗಿಯುತ್ತಿತ್ತು. ಈಗ ಅದೇ ವಾರದಲ್ಲಿ ಕೇಳಬಹುದು. ಚೆರಿ ಸರಿಯಾಗಿ ಒಣಗಿರಲಿಲ್ಲವೇ? ಸ್ಯಾಂಪಲ್ ಮೇಲಿನ ಚೀಲದಿಂದ ಮಾತ್ರ ತೆಗೆದರೇ? ಯಾವ ಚೀಟಿ, ಯಾವ ದಿನ ಅನ್ನೋದು ಕಣ್ಣ ಮುಂದೆ ಇರುತ್ತದೆ.

ಮುಂಗಡದ ವಿಷಯವೂ ಹೀಗೇ. ಜೂನ್‌ನಲ್ಲಿ ಮಕ್ಕಳ ಸ್ಕೂಲ್ ಫೀಸು, ಗೊಬ್ಬರ, ಕಾರ್ಮಿಕರ ಕೂಲಿ ಅಂತ ಬೆಳೆಗಾರರು ದುಡ್ಡು ತಗೊಂಡು ಹೋಗುತ್ತಾರೆ. ತೀರುವಳಿ ಆಗೋದು ಜನವರಿಯ ನಂತರ, ರೊಬಸ್ಟಾ ಕೊಯ್ಲಿನಲ್ಲಿ. ಬಿಲ್‌ವಾರು ವಿವರ ಆನ್ ಮಾಡಿ ಪ್ರತಿ ಮುಂಗಡಕ್ಕೂ ಒಂದು ಉಲ್ಲೇಖ ಕೊಟ್ಟರೆ, ಯಾವ ಮುಂಗಡ ಯಾವ ಲೋಡಿಗೆ ತೀರಿತು ಅಂತ ಎರಡು ಕಡೆಯವರಿಗೂ ಸ್ಪಷ್ಟ. "ರೈಟ್ರೇ, ನಂದು ಇನ್ನೂ ಎಷ್ಟಿದೆ?" ಅಂತ ಕೇಳಿದಾಗ ಅಲ್ಲೇ ಪ್ರಿಂಟ್ ಕೊಡುತ್ತೇನೆ. ಜಗಳ ಕಮ್ಮಿಯಾದದ್ದು ನಿಜವಾಗಿ ಇದರಿಂದಲೇ. 2017ರ ಏಪ್ರಿಲ್‌ನಿಂದ ಒಬ್ಬರಿಂದ ಒಂದು ದಿನಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಹಾಗಾಗಿ ಪಾವತಿಯೂ ಹೆಚ್ಚಾಗಿ ಬ್ಯಾಂಕಿನಲ್ಲೇ.

ತೆರಿಗೆಯದ್ದು ಬೇಗ ಮುಗಿಸುತ್ತೇನೆ. ಕರ್ನಾಟಕದಲ್ಲಿ ವ್ಯಾಟ್ 2005ರ ಏಪ್ರಿಲ್ 1ಕ್ಕೆ ಬಂತು. ಟ್ಯಾಲಿ.ಇಆರ್‌ಪಿ 9 ಬಂದದ್ದು 2009ರಲ್ಲಿ. ಜಿಎಸ್‌ಟಿ 2017ರ ಜುಲೈ 1ಕ್ಕೆ, ಟ್ಯಾಲಿಪ್ರೈಮ್ 2020ರಲ್ಲಿ. ನಮ್ಮ ಅಂಗಡಿಯಲ್ಲಿ ಹುರಿಯದ ಬೀಜಕ್ಕೆ ತೆರಿಗೆ ಇಲ್ಲ, ಮೆಣಸಿಗೆ ಮತ್ತು ಹುರಿದ ಕಾಫಿಗೆ 5 ಪರ್ಸೆಂಟ್. ಒಂದೇ ಸೂರಿನಡಿ ತೆರಿಗೆ ಇರೋದೂ ಇಲ್ಲದ್ದೂ ಇದ್ದರೆ, ಗೋಣಿಚೀಲ, ಬಾಡಿಗೆ ಇಂಥದ್ದರ ಮೇಲೆ ಕಟ್ಟಿದ ತೆರಿಗೆಯನ್ನು ಪೂರ್ತಿ ವಾಪಸ್ ಪಡೆಯೋ ಹಾಗಿಲ್ಲ. ಕಾಫಿ ಬೀಜದ ಪಾಲನ್ನು ಬಿಟ್ಟುಕೊಡಬೇಕು. ಆ ಪಾಲನ್ನು ನಾನು ಪ್ರತಿ ತಿಂಗಳು ಕೈಯಾರೆ ಲೆಕ್ಕ ಹಾಕಿ ಜರ್ನಲ್ ಹೊಡೆಯುತ್ತೇನೆ. ಬಟನ್ ಒತ್ತಿದರೆ ಎಲ್ಲಾ ಆಗುತ್ತದೆ ಅಂತ ಇಲ್ಲಿ ನಂಬಬೇಡಿ.

ಹೋಂಸ್ಟೇ ನಡೆಸುವ ಸ್ನೇಹಿತರು ಕೇಳುತ್ತಾರೆ, ನಮಗೂ ಟ್ಯಾಲಿ ಬೇಕಾ ಅಂತ. ಬೇಡ ಅಂತೀನಿ. ನಾಲ್ಕು ಕೋಣೆಯ ವ್ಯವಹಾರಕ್ಕೆ ಫೋನಿನಲ್ಲಿ ವ್ಯಾಪಾರ್ ಥರದ ಆ್ಯಪ್ ಸಾಕು. ಅಂಗಡಿಯ ಸಾಲದ ಲೆಕ್ಕಕ್ಕೆ ಖಾತಾಬುಕ್ ಸಾಕು, ಅದರಲ್ಲಿ ಕನ್ನಡವೂ ಇದೆ. ಲೆಕ್ಕಿಗರು ಮೈಸೂರಿನಲ್ಲಿದ್ದರೆ ಜೋಹೋ ಬುಕ್ಸ್ ಅನುಕೂಲ, ಇಬ್ಬರೂ ಒಂದೇ ಲೆಕ್ಕ ನೋಡಬಹುದು. ನಾವು ಮಾತ್ರ ಮೂಲ ಡೇಟಾವನ್ನು ಅಂಗಡಿಯ ಕಂಪ್ಯೂಟರಿನಲ್ಲೇ ಇಟ್ಟಿದ್ದೇವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದು ರಸ್ತೆಗಳೇ ಮುಚ್ಚಿದ್ದನ್ನು ನೋಡಿದವರು ನಾವು. ಮಳೆಗಾಲದಲ್ಲಿ ನೆಟ್ ಇಲ್ಲದಿದ್ದರೂ ಲೆಕ್ಕ ತೆರೆಯಬೇಕು. ಬ್ಯಾಕಪ್‌ನ ಒಂದು ಪ್ರತಿ ಮನೆಗೆ, ಇನ್ನೊಂದು ನೆಟ್ ಇದ್ದಾಗ ಡ್ರೈವ್‌ಗೆ.

ಕೊನೆಗೆ ಮಾರ್ಚ್ 31. ದೇಶಕ್ಕೆಲ್ಲ ಅದು ವರ್ಷದ ಕೊನೆ, ನಮಗೆ ರೊಬಸ್ಟಾ ಗೋಡೌನ್ ತುಂಬಿರುವ ಹೊತ್ತು. ಅದರಲ್ಲಿ ಅರ್ಧ ನಮ್ಮದಲ್ಲ. ಬೆಲೆ ಏರಲಿ ಅಂತ ಬೆಳೆಗಾರರು ಇಟ್ಟು ಹೋದ ಚೀಲ. ಅದನ್ನು ನಮ್ಮ ದಾಸ್ತಾನಿಗೆ ಸೇರಿಸಿದರೆ ಇಲ್ಲದ ಲಾಭ ಕಾಣುತ್ತದೆ. ಟ್ಯಾಲಿಯಲ್ಲಿ ಗೋಡೌನ್ ತೆರೆಯುವಾಗ 'ಇತರರ ದಾಸ್ತಾನು ನಮ್ಮಲ್ಲಿ' ಅನ್ನೋ ಆಯ್ಕೆ ಇದೆ. ಅದನ್ನು ಹೌದು ಮಾಡಿ ಅಂಥ ಚೀಲಗಳಿಗೆ ಪ್ರತ್ಯೇಕ ಗೋಡೌನ್ ಇಡಿ. ಬೆಲೆ ಕುದುರಿದ ದಿನ ಅಲ್ಲಿಂದ ತೆಗೆದು ಖರೀದಿ ಹೊಡೆಯಿರಿ. ಕಾಗದದಲ್ಲಿ ಎಷ್ಟಿದೆಯೋ ಅಷ್ಟು ಚೀಲ ನೆಲದ ಮೇಲೂ ಇದೆಯೇ ಅಂತ 31ಕ್ಕೆ ಮೊದಲೇ ಎಣಿಸಿ, ಆ ಪಟ್ಟಿಗೆ ಬೆಳೆಗಾರರ ಸಹಿ ಹಾಕಿಸಿಕೊಳ್ಳಿ.